ತೊಲೆಯ ಮೇಲಿನ ಧೂಳು

ಹುಬ್ಬಳ್ಳಿಯ ದೇಶಪಾಂಡೆ ನಗರದ ಮನೆಗಳಲ್ಲಿ ದೀಪ ಬೆಳಗಿಸುವವರಿಗೆ ಮರದ ಹೊಟ್ಟು, ಕಬ್ಬಿನ ಸಿಪ್ಪೆ, ಶೇಂಗಾ ಸಿಪ್ಪೆಗಳ ಧೂಳು ಕಾಣುವುದಿಲ್ಲ. ಆದರೆ ಕಲ್ಲಿದ್ದಲಿನ ಬದಲು ಇವನ್ನು ಉರಿಸಬೇಕೆಂದು ಒತ್ತಾಯಿಸಿದವರಲ್ಲಿ ಪರಿಸರಾಸಕ್ತರಾದ ನಾವೂ ಇದ್ದೇವೆ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವು ಕಲ್ಲಿದ್ದಲಿನೊಡನೆ ಕೃಷಿ ತ್ಯಾಜ್ಯದ ಗುಳಿಗೆಗಳನ್ನು ಸುಡುವ ನೀತಿಯನ್ನು ಪ್ರಕಟಿಸಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯಿಂದ ವಿದ್ಯುತ್ ಉತ್ಪಾದಿಸುತ್ತಿವೆ. ಹೀಗಿರುವಾಗ, ಈ ಇಂಧನವನ್ನು ಒಣಗಿಸುವ, ಪುಡಿಮಾಡುವ, ಸಾಗಿಸುವ ಕೂಲಿಕಾರರ ಕ್ಷೇಮವನ್ನು ವಿಚಾರಿಸುವ ಹೊಣೆಯೂ ನಮ್ಮದೇ.

ಒಲೆಗಿಟ್ಟ ಕೊರಡು ನಿಧಾನವಾಗಿ ಉರಿಯುತ್ತದೆ. ಅದೇ ಕೊರಡು ನುಣ್ಣನೆಯ ಪುಡಿಯಾಗಿ ಗಾಳಿಯಲ್ಲಿ ತೇಲಿದರೆ, ಪ್ರತಿ ಕಣಕ್ಕೂ ಸುತ್ತೆಲ್ಲ ಆಮ್ಲಜನಕ ದೊರೆತು ಕ್ಷಣಾರ್ಧದಲ್ಲಿ ಹೊತ್ತಿಕೊಳ್ಳುತ್ತದೆ. ಜಾಗ ಮುಚ್ಚಿದ್ದರೆ ಅದು ಸ್ಫೋಟವೇ. ಕಾದ ಬೇರಿಂಗ್, ವೆಲ್ಡಿಂಗ್ ಕಿಡಿ, ಯಂತ್ರಕ್ಕೆ ಸಿಕ್ಕ ಮೊಳೆ ಇದಕ್ಕೆ ಸಾಕು. ಮೊದಲ ಸಣ್ಣ ಸ್ಫೋಟವು ತೊಲೆಗಳ ಮೇಲಿನ ಧೂಳನ್ನು ಕೆಡವುತ್ತದೆ. ಆ ಧೂಳಿನಿಂದಾಗುವ ಎರಡನೆಯದೇ ಕಟ್ಟಡವನ್ನು ಉರುಳಿಸುತ್ತದೆ. 2008ರಲ್ಲಿ ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆಯ ಧೂಳು 14 ಜನರನ್ನು ಬಲಿ ತೆಗೆದುಕೊಂಡಿತು. 2015ರ ಜುಲೈ 17ರಂದು ಇಂಗ್ಲೆಂಡಿನ ಬಾಸ್ಲಿಯಲ್ಲಿ ಮರದ ಪುಡಿಯ ಗಿರಣಿ ಸಿಡಿದು ನಾಲ್ವರು ಸತ್ತರು.

ನಮ್ಮ ಕಾನೂನಿಗೆ ಇದು ತಿಳಿಯದ ಸಂಗತಿಯೇನಲ್ಲ. ಧೂಳು ಸಂಗ್ರಹವಾಗದಂತೆ ನೋಡಿಕೊಳ್ಳಬೇಕು, ಕಿಡಿಯ ಮೂಲಗಳನ್ನು ದೂರವಿಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 37ನೆಯ ಕಲಮು ವಿಧಿಸಿತ್ತು. ಆ ಕಾಯ್ದೆಯಲ್ಲಿ, ವಿದ್ಯುತ್ ಬಳಸುವ ಘಟಕವು ಕಾರ್ಖಾನೆ ಎನಿಸಿಕೊಳ್ಳಲು 10 ಕಾರ್ಮಿಕರು ಸಾಕಿತ್ತು; 2020ರ ಸಂಹಿತೆಯು ಆ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ಹನ್ನೆರಡು ಜನ ದುಡಿಯುವ ಬ್ರಿಕೆಟ್ ಘಟಕವನ್ನು ಇನ್ನು ಕೇಳುವವರು ಯಾರು?

ಸುರಕ್ಷತೆ ದುಬಾರಿ ಎಂದು ಸಣ್ಣ ಮಾಲೀಕರು ಹೇಳುವುದುಂಟು. ಸ್ಫೋಟದ ಒತ್ತಡವನ್ನು ಹೊರಬಿಡುವ ವ್ಯವಸ್ಥೆಗೆ ಹಣ ಬೇಕು, ನಿಜ. ಅದಕ್ಕೆ ಸರ್ಕಾರ ನೆರವಾಗಲಿ. ಆದರೆ ತೊಲೆಗಳನ್ನು ವಾರವಾರ ಶುಚಿಗೊಳಿಸುವುದು, ಧೂಳನ್ನು ಗಾಳಿ ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ತೆಗೆಯುವುದು, ಮೊಳೆ ಹಿಡಿಯಲು ಅಯಸ್ಕಾಂತವಿಡುವುದು, ಧೂಳು ತೆಗೆಯದೆ ವೆಲ್ಡಿಂಗ್‌ಗೆ ಬಿಡದಿರುವುದು—ಇವಕ್ಕೆ ಬೇಕಾದುದು ಹಣಕ್ಕಿಂತ ಮನಸ್ಸು. ಒಳಗೇ ಕನಲುತ್ತಿರುವ ಹೊಟ್ಟಿನ ರಾಶಿಗೆ ರಭಸದ ನೀರು ಹಾಯಿಸಿದರೆ ಧೂಳೆದ್ದು ಅಪಾಯ ಹೆಚ್ಚುತ್ತದೆಂಬುದನ್ನೂ ಕೆಲಸಗಾರರಿಗೆ ಕಲಿಸಬೇಕು.

ಘಟ್ಟದ ಹಳ್ಳಿಗಳಿಂದ ಇಂಥ ಕೆಲಸಕ್ಕೆ ಹೋಗುವವರು ನಮ್ಮ ಮಕ್ಕಳೇ. ಊರಿನಲ್ಲಿ ಹೊಸ ಘಟಕಕ್ಕೆ ಅನುಮತಿ ಕೇಳಿ ಬಂದಾಗ, ಎಷ್ಟು ಜನರಿಗೆ ಕೆಲಸ ಎಂದಷ್ಟೇ ಕೇಳಿ ಗ್ರಾಮಸಭೆಯಿಂದ ಏಳದಿರೋಣ. ತೊಲೆಯ ಮೇಲಿನ ಧೂಳನ್ನು ಯಾರು, ಯಾವಾಗ, ಹೇಗೆ ತೆಗೆಯುತ್ತಾರೆ ಎಂದೂ ಕೇಳೋಣ.