ಚಂದ್ರನ ಗಾಮಾ ಕಿರಣಗಳೂ ಶಾಸ್ತ್ರಾಭಿಮಾನಿಗಳೂ

ವಿದೇಶದಲ್ಲಿ ಯಾವುದಾದರೊಂದು ಹೊಸ ಸಂಗತಿಯು ಪ್ರಕಟವಾದೊಡನೆಯೇ, ಅದು ಪ್ರಾಚೀನರಿಗೆ ಮೊದಲೇ ತಿಳಿದಿದ್ದಿತೆಂದು ಸಾಧಿಸಹೊರಡುವ ಮಹನೀಯರು ಈಚೆಗೆ ಸಭೆಗಳಲ್ಲಿ ಹೆಚ್ಚುತ್ತಿರುವರು. ಚಂದ್ರನಿಂದ ಗಾಮಾ ಕಿರಣಗಳು ಹೊರಡುವುವೆಂಬ ವಾರ್ತೆಗೂ ಇದೇ ಗತಿಯಾಗಿದೆ. ಕೋಶಗಳಲ್ಲಿ ಚಂದ್ರನಿಗೆ ಸುಧಾಂಶು, ಹಿಮಾಂಶು ಎಂಬ ಹೆಸರುಗಳುಂಟಷ್ಟೆ. ಆ ಅಂಶುಗಳೇ ಈ ಕಿರಣಗಳೆಂದು ಸಾರಿ, ಕರತಾಡನವನ್ನು ಸಂಪಾದಿಸಿ, ಹಾರವನ್ನು ಧರಿಸಿ ಮನೆಗೆ ಹೋಗುವುದು ಸುಲಭ. ಈ ವಾದವು ವಿಜ್ಞಾನಕ್ಕೆ ಮಾಡುವ ಅಪಚಾರವನ್ನು ವಿಜ್ಞಾನಿಗಳು ನೋಡಿಕೊಳ್ಳಲಿ. ಶಾಸ್ತ್ರಕ್ಕೆ ಮಾಡುವ ಅಪಚಾರವನ್ನು ಶಾಸ್ತ್ರವನ್ನೋದಿದವರು ಸಹಿಸಲಾಗದು.

ಮೊದಲು ಸಂಗತಿಯೇನೆಂಬುದನ್ನು ನೋಡುವ. ವಿಶ್ವಕಿರಣಗಳೆಂಬುವು ಬಹುಮಟ್ಟಿಗೆ ಜಲಜನಕದ ಬೀಜಕಣಗಳು, ಎಂದರೆ ಪ್ರೋಟಾನುಗಳು. ಇವು ಮಹಾವೇಗದಿಂದ ಎಲ್ಲ ದಿಕ್ಕುಗಳಿಂದಲೂ ಬಂದು ಬೀಳುತ್ತಿರುವುವು. ಭೂಮಿಗೆ ಗಾಳಿಯ ಹೊದಿಕೆಯೂ ಅಯಸ್ಕಾಂತದ ಬೇಲಿಯೂ ಉಂಟು. ಚಂದ್ರನು ದಿಗಂಬರನು. ಅಲ್ಲಿ ಈ ಕಣಗಳು ನೇರವಾಗಿ ಬಂಡೆಯನ್ನೇ ಬಡಿಯುವುವು. ಆ ಬಡಿತದಿಂದ ಪಯಾನುಗಳೆಂಬ ಅಲ್ಪಾಯುಗಳಾದ ಕಣಗಳು ಹುಟ್ಟುವುವು. ಅವುಗಳಲ್ಲಿ ವಿದ್ಯುದಂಶವಿಲ್ಲದುವು ಕ್ಷಣಮಾತ್ರದಲ್ಲಿ ಗಾಮಾ ಕಿರಣಗಳಾಗಿ ಒಡೆಯುವುವು. ಹೆಚ್ಚಿನವು ಬಂಡೆಯಲ್ಲೇ ಅಡಗಿಹೋಗಿ, ಸ್ವಲ್ಪಭಾಗವು ಹೊರಕ್ಕೆ ಪಾರಾಗುವುದು. ಇದಲ್ಲದೆ, ಬಡಿತಕ್ಕೆ ಸಿಡಿದ ನ್ಯೂಟ್ರಾನುಗಳು ಕಬ್ಬಿಣ ಮುಂತಾದ ಧಾತುಗಳ ಬೀಜಗಳನ್ನು ಕೆರಳಿಸಿ, ಆಯಾ ಧಾತುವಿಗೆ ನಿಯತವಾದ ಶಕ್ತಿಯ ಕಿರಣಗಳನ್ನು ಹೊರಡಿಸುವುವು. 1971ರಲ್ಲಿ ಅಪೋಲೋ 15, 1972ರಲ್ಲಿ ಅಪೋಲೋ 16 ನೌಕೆಗಳು ಚಂದ್ರನನ್ನು ಸುತ್ತುತ್ತ ಇವನ್ನು ಅಳೆದುವು. 2008ರಲ್ಲಿ ಮೇಲೇರಿದ ಫರ್ಮಿ ದೂರದರ್ಶಕವು ಕಂಡುದಾದರೋ ಇನ್ನೂ ವಿಚಿತ್ರ: 31 ದಶಲಕ್ಷ ಎಲೆಕ್ಟ್ರಾನ್ ವೋಲ್ಟುಗಳಿಗೆ ಮೇಲ್ಪಟ್ಟ ಕಿರಣಗಳಲ್ಲಿ ಚಂದ್ರನು ಸೂರ್ಯನಿಗಿಂತ ಉಜ್ಜ್ವಲನು, ಶತಕೋಟಿಯನ್ನು ಮೀರಿದ ಶಕ್ತಿಗಳಲ್ಲಿ ಮಾತ್ರ ಸೂರ್ಯನದು ಮೇಲುಗೈ.

ಈಗ ಪೂರ್ವಪಕ್ಷವನ್ನು ಪರೀಕ್ಷಿಸಬಹುದು. ಸುಧಾಂಶುವಿನ ಸುಧೆಯು ಕಲೆಗಳೊಡನೆ ವೃದ್ಧಿಕ್ಷಯಗಳನ್ನು ಹೊಂದುವುದೆಂಬುದು ಸಂಪ್ರದಾಯ. ಗಾಮಾ ಕಿರಣಗಳ ಚಂದ್ರನಿಗೆ ಕಲೆಗಳೇ ಇಲ್ಲ; ಅಮಾವಾಸ್ಯೆಯಲ್ಲಿಯೂ ಅವನು ಪೂರ್ಣನೇ. ಅವನ ಕಾಂತಿಯು ಬದಲಾಗುವುದು ಸೂರ್ಯನ ಸುಮಾರು 11 ವರ್ಷಗಳ ಚಕ್ರದಲ್ಲಿ. ಸೂರ್ಯನು ಕೆರಳಿದಾಗ ವಿಶ್ವಕಿರಣಗಳು ದೂರ ತಳ್ಳಲ್ಪಟ್ಟು ಚಂದ್ರನು ಮಂಕಾಗುವನು. ಹಿಮಾಂಶುವೆಂಬುದಂತೂ ಬೇಡವೇ ಬೇಡ. ಧರ್ಮಗಳು ಇಷ್ಟು ವಿರುದ್ಧವಾಗಿರುವಲ್ಲಿ ಧರ್ಮಿಗಳು ಒಂದೇ ಎಂದು ತರ್ಕಸಂಗ್ರಹವನ್ನು ಓದುವ ಬಾಲಕನೂ ಹೇಳಲಾರನು. ಮೇಲಾಗಿ, ಚಂದ್ರಬಿಂಬವು ಜಲಮಯವೆಂದೂ, ಸೂರ್ಯನಿಗೆ ಎದುರಾದ ಭಾಗ ಮಾತ್ರ ಬೆಳಗುವುದೆಂದೂ ಆರ್ಯಭಟನೂ ವರಾಹಮಿಹಿರನೂ ಸ್ಪಷ್ಟವಾಗಿ ಹೇಳಿರುವರು. ಸೂರ್ಯನ ಬೆಳಕಲ್ಲದ ಬೇರೊಂದು ಕಿರಣವನ್ನು ಪ್ರಾಚೀನರು ಬಲ್ಲವರಾಗಿದ್ದರೆಂದರೆ ಆರ್ಯಭಟನು ಅಜ್ಞನಾಗಬೇಕು. ಆರ್ಯಭಟನನ್ನು ಉಳಿಸಿಕೊಂಡರೆ ಭಾಷಣವು ಬೀಳಬೇಕು. ಉಭಯತಃಪಾಶಾರಜ್ಜುವೆಂದರೆ ಇದೇ.

ಸಭೆಯ ಮಹನೀಯರಿಗೆ ಅಭಿಮಾನಕ್ಕೆ ನಿಜವಾದ ವಸ್ತುವೇ ಬೇಕಾಗಿದ್ದರೆ ಅದು ಕೋಶದಲ್ಲಿಲ್ಲ, ಕೋಲಾರದ ಚಿನ್ನದ ಗಣಿಯಲ್ಲಿದೆ. ಬಂಗಾರಪೇಟೆಯಲ್ಲಿ ಮಾರಿಕುಪ್ಪದ ಗಾಡಿಯನ್ನು ಹತ್ತಿದರೆ ಸಾಕು. ಚಂದ್ರನ ಬಂಡೆಯನ್ನು ಬಡಿಯುವ ಕಣಗಳೇ ಇಲ್ಲಿ ಗಾಳಿಯನ್ನು ಬಡಿದು ಮ್ಯೂಆನುಗಳನ್ನು ಹುಟ್ಟಿಸುವುವು. ಅವು ನೆಲವನ್ನೂ ತೂರಿ ಇಳಿಯುವುವು. ಎಷ್ಟು ಆಳದವರೆಗೆ? ಇದನ್ನು ಅಳೆಯಲು ಹೋಮಿ ಭಾಭಾ ಅವರ ಪ್ರೇರಣೆಯಿಂದ 1951ರಲ್ಲಿ ಗಣಿಯೊಳಕ್ಕೆ ಇಳಿದವರು ಬಿ. ವಿ. ಶ್ರೀಕಂಠನ್ ಅವರು, ನಂಜನಗೂಡಿನಲ್ಲಿ ಹುಟ್ಟಿದವರು. ಹತ್ತು ವರ್ಷಗಳ ತರುವಾಯ ಮಿಯಾಕೆ, ನರಸಿಂಹಂ, ರಮಣಮೂರ್ತಿಗಳು ಉಪಕರಣಗಳನ್ನು ಸುಮಾರು 2,700 ಮೀಟರುಗಳ ಆಳಕ್ಕೂ ಒಯ್ದರು. ಅಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಆನಾದರೂ ಸಿಕ್ಕಲಿಲ್ಲ!

ಇದನ್ನು ಸೋಲೆಂದು ತಿಳಿಯಬಾರದು. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಎಣಿಸಿರುವರು. ಆದರೆ ಯೋಗ್ಯಾನುಪಲಬ್ಧಿಯೇ ಆಗಬೇಕು, ಇದ್ದಿದ್ದರೆ ಕಾಣುತ್ತಿದ್ದಿತೆಂಬ ನಿಶ್ಚಯವಿರಬೇಕು. ಕತ್ತಲಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆನ್ನಲಾಗದು. ಮೇಲಿನ ಮಟ್ಟಗಳಲ್ಲಿ ಮ್ಯೂಆನುಗಳನ್ನು ಕಂಡುಹಿಡಿದ ಉಪಕರಣವೇ ಕೆಳಗೆ ಸುಮ್ಮನಿದ್ದುದರಿಂದ ಆ ಮೌನವು ಪ್ರಮಾಣವಾಯಿತು. ಮೇಲಿನಿಂದ ಬೀಳುವ ಗದ್ದಲವೆಲ್ಲ ಅಡಗಿರುವ ಕಡೆ ನ್ಯೂಟ್ರಿನೋವನ್ನು ಹುಡುಕಬಹುದೆಂದು ಅದೇ ಮೌನವು ತಿಳಿಸಿತು. ಟಾಟಾ ಸಂಸ್ಥೆಯವರೂ ಒಸಾಕಾ ಮತ್ತು ಡರ್ಹಮ್ ವಿಶ್ವವಿದ್ಯಾನಿಲಯಗಳವರೂ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2,300 ಮೀಟರುಗಳ ಕೆಳಗೆ ಗೋಡೆಗಳಂತೆ ಉಪಕರಣಗಳನ್ನು ನಿಲ್ಲಿಸಿದರು. ಮೇಲಿನ ಮ್ಯೂಆನು ಅಷ್ಟು ಆಳಕ್ಕೆ ಬಂದರೆ ಬಹುಮಟ್ಟಿಗೆ ನೆಟ್ಟಗೇ ಬರಬೇಕು. ಬಹಳ ಓರೆಯಾಗಿ ಬಂದುದು ಪಕ್ಕದ ಬಂಡೆಯಲ್ಲಿಯೇ ನ್ಯೂಟ್ರಿನೋವಿನಿಂದ ಹುಟ್ಟಿರಬೇಕು. ಇದು ಶುದ್ಧವಾದ ಅನುಮಾನ. ವ್ಯಾಪ್ತಿಯೂ ಸರಿ, ಹೇತುವೂ ಸರಿ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು 1965ರಲ್ಲಿ ಲೋಕಕ್ಕೆ ತಿಳಿಸಿದವರು ಇವರು, ಮತ್ತು ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ದುಡಿದ ಇನ್ನೊಂದು ತಂಡದವರು.

ಹೀಗಿರಲು ಶಾಸ್ತ್ರಕ್ಕೆ ಯಾರು ಹೆಚ್ಚು ನಿಷ್ಠರು? ಪದವೊಂದನ್ನು ಹಿಡಿದು ಪದಾರ್ಥವನ್ನು ಸಾಧಿಸಿದವರೋ, ಸುಡುವ ಬಂಡೆಯ ನಡುವೆ ಎರಡು ತಿಂಗಳು ಇಲ್ಲದುದನ್ನು ಕಾದು ಕುಳಿತವರೋ? ತರುಣರಲ್ಲಿ ಸ್ವದೇಶಾಭಿಮಾನವನ್ನು ಬೆಳೆಸಲು ಇಂಥ ಭಾಷಣಗಳು ಬೇಕೆನ್ನುವರು. ಸುಳ್ಳಿನ ಹಾಲೆರೆದು ಬೆಳೆಸಿದ ಅಭಿಮಾನವು ಪಟ್ಟಣದ ಕಾಲೇಜಿನಲ್ಲಿ ಮೊದಲನೆಯ ಪ್ರಶ್ನೆಗೇ ಬಾಡುವುದು. ಆಗ ಆ ಹುಡುಗನು ಸುಧಾಂಶುವಿನೊಡನೆ ಆರ್ಯಭಟನನ್ನೂ ತಿಪ್ಪೆಗೆ ಎಸೆಯುವನು. ಆ ಪಾಪವು ಭಾಷಣಕಾರರದು.

ಗಣಿಯು 2001ರ ಫೆಬ್ರುವರಿ 28ರಂದು ಮುಚ್ಚಿತು. ಆಳದ ಸುರಂಗಗಳಲ್ಲಿ ಈಗ ನೀರು ನಿಂತಿದೆ. ಮೇಲೆ ಸೈನೈಡ್ ದಿಬ್ಬಗಳ ಧೂಳು ಗಾಳಿಗೆ ಏಳುತ್ತಿದೆ. ಹಾರ ತುರಾಯಿಗಳ ಮುಂದಿನ ಸಭೆಯನ್ನು ಆ ದಿಬ್ಬದ ಕೆಳಗೆ ನಡೆಸಲಿ. ಅಲ್ಲಿ ಸುಧಾಂಶುವಿನ ಸುದ್ದಿಯನ್ನೆತ್ತುವ ಮೊದಲು, ಕಾಲಡಿಯಲ್ಲಿ ಸಿಕ್ಕಿದುದೇನೆಂದು ನೆರೆದ ಮಕ್ಕಳಿಗೆ ಹೇಳಲಿ.