ಬಜ್ಪೆ: ಹೆಸರಿಗಿಂತ ನೆಲ ಮುಖ್ಯ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಚರಿತ್ರೆಯನ್ನು 1951ರಲ್ಲಿ ನೆಹರೂ ಬಂದಿಳಿದ ಡಕೋಟಾದಿಂದ ಆರಂಭಿಸುವುದು ವಾಡಿಕೆ. ಗುಡ್ಡದ ನೆತ್ತಿಯ ಆ ಪುಟ್ಟ ನಿಲ್ದಾಣವನ್ನು ಬೆಳೆಸಿದವರು ಮಾತ್ರ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ಕರಾವಳಿಯ ಜನ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ಮೀರಿ ಕಮರಿಗೆ ಉರುಳಿ 158 ಮಂದಿ ಅಸುನೀಗಿದರು. ತನಿಖೆ ಕ್ಯಾಪ್ಟನ್ನರ ತಪ್ಪನ್ನು ಎತ್ತಿ ತೋರಿತು, ಅದು ನಿಜ. ರನ್‌ವೇಯಾಚೆಯ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದದ್ದೂ ನಿಜ. 240 ಮೀಟರ್ ಸುರಕ್ಷತಾ ವಲಯವಿರಬೇಕೆಂಬ ಅಂತರರಾಷ್ಟ್ರೀಯ ಶಿಫಾರಸಿನೆದುರು ಅಲ್ಲಿದ್ದದ್ದು 90 ಮೀಟರ್ ಎಂಬುದೂ ನಿಜ. ಮನುಷ್ಯ ತಪ್ಪುವವನೇ, ಆ ತಪ್ಪಿಗೆ ಪ್ರಯಾಣಿಕರ ಪ್ರಾಣವೇ ದಂಡವಾಗದಂತೆ ನೋಡಿಕೊಳ್ಳುವುದು ಪ್ರಭುತ್ವದ ಹೊಣೆ. 2020ರಲ್ಲಿ ನಿಲ್ದಾಣ 50 ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈಸೇರಿದಾಗ ದೊಡ್ಡ ಜಗಳವೆದ್ದದ್ದು ಹೆಸರಿನ ಬಗ್ಗೆ. ಕೇಳಬೇಕಾದದ್ದು ಫಲಕದ ಹೆಸರನ್ನಲ್ಲ, ರನ್‌ವೇ ತುದಿಯ ನೆಲದ ಲೆಕ್ಕವನ್ನು.