ಬೀಗದ ಕೈ ಯಾರ ಹತ್ತಿರ? ಮೊದಲು ಅದನ್ನು ಕೇಳಿ!



ನೀವು ದುಡ್ಡು ಕೊಟ್ಟು ಒಂದು ಪುಸ್ತಕ ಕೊಂಡಿರಿ ಅನ್ನಿ. ಅಂಗಡಿಯವನು ದಿವಾಳಿ ಎದ್ದ. ಎದ್ದವನು ನೆಟ್ಟಗೆ ನಿಮ್ಮ ಮನೆಗೆ ಬಂದು, ಕಪಾಟು ತೆಗೆದು, ಆ ಪುಸ್ತಕ ಎತ್ತಿಕೊಂಡು ಹೊರಟ. ಸುಮ್ಮನಿರುತ್ತೀರಾ? ಕೊರಳಪಟ್ಟಿ ಹಿಡಿದು ಬೀದಿಗೆ ಎಳೆಯುತ್ತೀರಿ ತಾನೇ? ಹಾಗಾದರೆ ಹಾಡಿನ ವಿಷಯದಲ್ಲಿ ಮಾತ್ರ ಯಾಕಪ್ಪಾ ಈ ಮೌನ?

ನಾನು ಪ್ರೆಸ್ಸಿನವನು. ಪಿಯುಸಿಗೆ ಓದು ನಿಲ್ಲಿಸಿ ಮಸಿಗೆ ಕೈ ಹಾಕಿದವನು. ದೊಡ್ಡ ದೊಡ್ಡ ಸಿದ್ಧಾಂತ ನನಗೆ ಬರುವುದಿಲ್ಲ. ನನಗೆ ಗೊತ್ತಿರುವುದು ಒಂದೇ: ಕಾಗದದ ಮೇಲೆ ಬಿದ್ದ ಅಕ್ಷರ, ದುಡ್ಡು ಕೊಟ್ಟವನ ಸ್ವತ್ತು. ನಮ್ಮಪ್ಪ ಟ್ರೆಡಲ್ ಮೆಷಿನ್ ತುಳಿದು ಅಚ್ಚು ಹಾಕಿದ ಪುಸ್ತಕ ಇವತ್ತಿಗೂ ಜನರ ಮನೆಯಲ್ಲಿದೆ. ಆ ಟ್ರೆಡಲ್ ಗುಜರಿಗೆ ಹೋಯಿತು. ಪುಸ್ತಕ ಹೋಗಲಿಲ್ಲ.

ಮೊನ್ನೆ ಅಕ್ಕನ ಮಗ ಪ್ರೆಸ್ಸಿಗೆ ಬಂದ. ಮುಖ ಸಪ್ಪಗಿತ್ತು. ಫೋನಿನ ಯಾವುದೋ ಆಪ್‌ಗೆ ಎರಡು ವರ್ಷ ಚಂದಾ ಕಟ್ಟಿ, ಇನ್ನೂರು ಕನ್ನಡ ಹಾಡು ಡೌನ್‌ಲೋಡ್ ಮಾಡಿ ಇಟ್ಟುಕೊಂಡಿದ್ದನಂತೆ. ಕೆಲಸ ಬಿಟ್ಟ ತಿಂಗಳು ಚಂದಾ ಕಟ್ಟಲಾಗಲಿಲ್ಲ. ಇನ್ನೂರಕ್ಕೆ ಇನ್ನೂರೂ ಬಂದ್! "ಮಾವ, ನನ್ನ ಫೋನಲ್ಲೇ ಇತ್ತಲ್ಲ, ಎಲ್ಲಿ ಹೋಯ್ತು?" ಅಂದ. "ಎಲ್ಲಿಗೂ ಹೋಗಿಲ್ಲ ಕಣೋ. ಅದು ಯಾವತ್ತೂ ನಿನ್ನದಾಗಿರಲಿಲ್ಲ" ಅಂದೆ.

ಈ ಆಟ ಹೊಸದು ಅಂದುಕೊಂಡಿದ್ದೀರಾ? ಅಲ್ಲ. ಇಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಆಡಿ ಮುಗಿಸಿದ ಆಟ ಇದು. ಆಗ ಅಲ್ಲಿನ ಹುಡುಗರ ಕೈಯಲ್ಲಿದ್ದದ್ದು ಜೇಬಿಗೆ ಹಿಡಿಸುವ ಸ್ಯಾಟಲೈಟ್ ರೇಡಿಯೋ. ಅದರ ಕಥೆ ಕೇಳಿ. ನಿಮ್ಮ ಫೋನಿನ ಕಥೆ ತಾನಾಗೇ ಅರ್ಥವಾಗುತ್ತದೆ.

ಐವತ್ತು ಗಂಟೆಯ ಆಸೆ

ಅಮೆರಿಕದಲ್ಲಿ ಎರಡು ಕಂಪನಿಗಳಿದ್ದವು. 2001ರಲ್ಲಿ ಶುರುವಾದ ಎಕ್ಸ್‌ಎಂ ಮತ್ತು 2002ರಲ್ಲಿ ಶುರುವಾದ ಸಿರಿಯಸ್. ಉಪಗ್ರಹದಿಂದ ನೇರ ಹಾಡು. 2005ರ ಹೊತ್ತಿಗೆ ಎರಡಕ್ಕೂ ತಿಂಗಳಿಗೆ 12 ಡಾಲರ್ 95 ಸೆಂಟ್ ಚಂದಾ. ಮೊದಮೊದಲು ಕಾರಿನಲ್ಲಿ, ಮನೆಯಲ್ಲಿ ಮಾತ್ರ. 2004ರ ಕೊನೆಯಲ್ಲಿ ಎಕ್ಸ್‌ಎಂಗಾಗಿ ಡೆಲ್ಫಿ ಕಂಪನಿ 'ಮೈಫೈ' ಅನ್ನುವ ಕೈಪೆಟ್ಟಿಗೆ ತಂದಿತು. ಐದು ಗಂಟೆ ರೆಕಾರ್ಡಿಂಗ್. 2005ರಲ್ಲಿ ಸಿರಿಯಸ್‌ನ 'ಎಸ್50' ಬಂತು. ಐವತ್ತು ಗಂಟೆ ಹಿಡಿಯುತ್ತದೆ ಅಂತ ಜಂಭ. ಆದರೆ ಸ್ಟ್ಯಾಂಡಿನಲ್ಲಿ ಕೂರಿಸಿದಾಗ ಮಾತ್ರ ಅದಕ್ಕೆ ಆಕಾಶದ ಹಾಡು ಕೇಳಿಸುತ್ತಿತ್ತು. ಕೈಗೆತ್ತಿಕೊಂಡರೆ ಹಿಡಿದಿಟ್ಟದ್ದೇ ಗತಿ. 2006ರಲ್ಲಿ ಪಯೋನಿಯರ್‌ನ 'ಇನ್ನೋ', ಸ್ಯಾಮ್‌ಸಂಗ್‌ನ 'ಹೀಲಿಕ್ಸ್', ಆಮೇಲೆ ಸಿರಿಯಸ್‌ನ 'ಸ್ಟಿಲೆಟೋ'. ಇನ್ನೋದ ಬೆಲೆ ಸುಮಾರು 400 ಡಾಲರ್!

ಕೊಳ್ಳುವವರು ಕೇಳಿದ ಪ್ರಶ್ನೆ ಯಾವುದು? ಎಷ್ಟು ಗಂಟೆ ಹಿಡಿಯುತ್ತದೆ? ಬ್ಯಾಟರಿ ಎಷ್ಟು ಹೊತ್ತು? ಬಣ್ಣದ ಪರದೆ ಇದೆಯಾ? ಕೇಳಬೇಕಾದ ಪ್ರಶ್ನೆಯನ್ನು ಹೆಚ್ಚಿನವರು ಕೇಳಲೇ ಇಲ್ಲ.

ಇನ್ನೋದಲ್ಲಿ ಹಾಡು ಬರುತ್ತಿರುವಾಗ ಒಂದು ಗುಂಡಿ ಒತ್ತಿದರೆ ಸಾಕು, ಹಾಡು ಮೊದಲಿಂದ ಕೊನೆವರೆಗೆ, ಹಾಡುಗಾರನ ಹೆಸರಿನ ಸಮೇತ ಒಳಗೆ ಕೂರುತ್ತಿತ್ತು. ಕೂತದ್ದು ಕೂತಲ್ಲೇ! ಹೊರಗೆ ತೆಗೆಯುವಂತಿಲ್ಲ. ಕಂಪ್ಯೂಟರಿಗೆ ಹಾಕುವಂತಿಲ್ಲ. ಸ್ನೇಹಿತನಿಗೆ ಕೊಡುವಂತಿಲ್ಲ. ಚಂದಾ ನಿಂತರೆ ಹಿಡಿದಿಟ್ಟ ಹಾಡೂ ನಿಂತಿತು. ನಾನೂರು ಡಾಲರ್ ಕೊಟ್ಟು ಕೊಂಡವನು ತನ್ನದೇ ಪೆಟ್ಟಿಗೆಯಲ್ಲಿ ಬಾಡಿಗೆದಾರ!

ಇಷ್ಟಾದರೂ ಕ್ಯಾಸೆಟ್, ಸಿಡಿ ಮಾರುವ ದೊಡ್ಡ ಕಂಪನಿಗಳಿಗೆ ಹೊಟ್ಟೆಯುರಿ. 2006ರ ಮೇ ತಿಂಗಳಲ್ಲಿ ಎಕ್ಸ್‌ಎಂ ಮೇಲೆ ನ್ಯೂಯಾರ್ಕಿನಲ್ಲಿ ಕೇಸು ಜಡಿದವು. ಒಂದೊಂದು ಹಾಡಿಗೆ ಒಂದೂವರೆ ಲಕ್ಷ ಡಾಲರ್ ತನಕ ಕೇಳಿದವು. ಅವರ ವಾದ ಏನು? ಇದು ಪ್ರಸಾರವಲ್ಲ, ಹಾಡಿನ ಮಾರಾಟ ಅಂತ. ಆಮೇಲೆ ಕಂಪನಿ ಕಂಪನಿ ಕೂತು ರಾಜಿ ಮಾಡಿಕೊಂಡವು. 2008ರ ಜುಲೈನಲ್ಲಿ ಎಕ್ಸ್‌ಎಂ, ಸಿರಿಯಸ್ ಎರಡೂ ಸೇರಿ ಒಂದಾದವು. 1997ರಲ್ಲಿ ಲೈಸೆನ್ಸ್ ಕೊಡುವಾಗ ಇಬ್ಬರೂ ಒಂದಾಗಬಾರದು ಅಂತ ಷರತ್ತಿತ್ತು. ಆ ಷರತ್ತೂ ಗಾಳಿಗೆ ಹೋಯಿತು. ಇಷ್ಟೆಲ್ಲ ರಾಜಿಯಲ್ಲಿ ಕೇಳುಗನಿಗೆ ಬೀಗದ ಕೈ ಸಿಕ್ಕಿತಾ? ಇಲ್ಲ ಸ್ವಾಮಿ!

ನಮ್ಮ ಊರಿಗೂ ಬಂತು

ಅಮೆರಿಕದವರ ಗೋಳು ನಮಗೇಕೆ ಅನ್ನಬೇಡಿ. ಆಕಾಶದ ರೇಡಿಯೋ ಬೆಂಗಳೂರಿಗೂ ಬಂದಿತ್ತು. ವರ್ಲ್ಡ್‌ಸ್ಪೇಸ್ ನೆನಪಿದೆಯಾ? ನಿಮಗಿಲ್ಲದಿದ್ದರೆ ನಿಮ್ಮ ಅಪ್ಪಂದಿರಿಗಿರುತ್ತದೆ. 2000ನೇ ಇಸವಿಯಲ್ಲಿ ಏಷ್ಯಾಸ್ಟಾರ್ ಉಪಗ್ರಹ ಹಾರಿಸಿ ನಮ್ಮ ದೇಶಕ್ಕೆ ಹಾಡು ಸುರಿಸಿದ ಕಂಪನಿ. ಎ.ಆರ್. ರೆಹಮಾನ್ ಅವರೇ ಅದರ ರಾಯಭಾರಿ. ಭಾರತದ ಕಚೇರಿ ನಮ್ಮ ಬೆಂಗಳೂರಿನಲ್ಲೇ. ಕಿಟಕಿಯಲ್ಲಿ ಪುಟ್ಟ ಆಂಟೆನಾ ಇಟ್ಟು ಆಕಾಶದ ಕಡೆ ತಿರುಗಿಸಿದರೆ ಇಪ್ಪತ್ತನಾಲ್ಕು ಗಂಟೆ ಹಾಡು, ನಡುವೆ ಸೋಪು ಪೌಡರಿನ ಜಾಹೀರಾತಿನ ಕಾಟವಿಲ್ಲ. ಕನ್ನಡಕ್ಕೂ ಅದರಲ್ಲಿ 'ಸ್ಪರ್ಶ' ಅಂತ ಒಂದು ವಾಹಿನಿ ಇತ್ತು. ಒಳ್ಳೆಯ ಕೆಲಸವೇ. ಒಳ್ಳೆಯದನ್ನು ಒಳ್ಳೆಯದು ಅನ್ನೋಣ.

ಆದರೆ ಆಮೇಲೆ ಏನಾಯಿತು? 2008ರ ಅಕ್ಟೋಬರಿನಲ್ಲಿ ಅಮೆರಿಕದ ಡೆಲವೇರ್ ನ್ಯಾಯಾಲಯದಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರ ಬಂದ್. ಕನ್ನಡ ಕೇಳುವವರು ಇಲ್ಲ ಅಂತ 'ಸ್ಪರ್ಶ' ನಿಂತಿತಾ? ಅಲ್ಲ! ಎಲ್ಲೋ ಸಮುದ್ರದಾಚೆ ಲೆಕ್ಕದ ಪುಸ್ತಕ ತಾಳೆಯಾಗಲಿಲ್ಲ, ಅದಕ್ಕೆ. ಕನ್ನಡದ ದನಿ ಉಳಿಯಬೇಕೋ ಅಳಿಯಬೇಕೋ ಅನ್ನುವ ತೀರ್ಮಾನ, ಕನ್ನಡದ ಒಂದಕ್ಷರ ಗೊತ್ತಿಲ್ಲದ ಕಟಕಟೆಯಲ್ಲಿ ಆಯಿತು. ಮರುದಿನ ಹೊಸ ವರ್ಷ. ಸಾವಿರಾರು ರೂಪಾಯಿಯ ರೇಡಿಯೋಗಳು ಕಾಗದ ಹಾರದಂತೆ ಇಡುವ ಕಲ್ಲಾದವು.

ಆದರೆ ಒಂದು ಮಾತು ನೆನಪಿಡಿ. ಆ ರೇಡಿಯೋದ ಇಯರ್‌ಫೋನ್ ತೂತಿಗೆ ಒಂದು ವೈರು ಸಿಕ್ಕಿಸಿ, ಹಳೆಯ ಟೇಪ್ ರೆಕಾರ್ಡರಿಗೆ ಹಾಕಿ, ಮನೆಯಲ್ಲಿ ಕೇಳಲು ಕ್ಯಾಸೆಟ್ಟಿಗೆ ಇಳಿಸಿಕೊಂಡವನ ಹಾಡು ಉಪಗ್ರಹ ಸುಮ್ಮನಾದ ಮೇಲೂ ಹಾಡುತ್ತದೆ. ಕೊರ್ ಅನ್ನುತ್ತದೆ, ನಿಜ. ಆದರೆ ಅವನದು! ಜಾಣ ಯಂತ್ರದ ಐವತ್ತು ಗಂಟೆಗಿಂತ ದಡ್ಡ ಕ್ಯಾಸೆಟ್ಟಿನ ಅರವತ್ತು ನಿಮಿಷ ದೊಡ್ಡದು.

ಇನ್ನೊಂದು ಮಾತು. 'ಆಕಾಶವಾಣಿ' ಅನ್ನುವ ಹೆಸರಿನಲ್ಲಿ ಬಾನುಲಿ ಮೊದಲು ಮಾತಾಡಿದ್ದು ದೆಹಲಿಯಲ್ಲಲ್ಲ, ನಮ್ಮ ಮೈಸೂರಿನಲ್ಲಿ. 1935ರಲ್ಲಿ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪ್ರಸಾರ ಶುರುಮಾಡಿದರು. ಪುಟ್ಟ ಯಂತ್ರ, ಆದರೆ ಕೈ ನಮ್ಮದು. ಅಂಥ ನೆಲದ ಮಕ್ಕಳು ನಾವು, ಹಾಡಿಗಾಗಿ ಪರರ ಬೀಗದ ಮುಂದೆ ಕೈಕಟ್ಟಿ ನಿಲ್ಲಬೇಕೇ?

ಕದಿಯಿರಿ ಅನ್ನುತ್ತಿಲ್ಲ

"ಹಾಗಾದರೆ ಹಾಡು ಕದಿಯೋಣವಾ ಅಣ್ಣ?" ಅಂತ ಯಾರಾದರೂ ಕೇಳಬಹುದು. ಛೀ! ಹಾಡು ಕಟ್ಟಿದವನ, ಹಾಡಿದವನ, ತಬಲ ಬಾರಿಸಿದವನ ಹೊಟ್ಟೆಗೆ ಕಲ್ಲು ಹಾಕುವುದು ಕನ್ನಡದ ಕೆಲಸವಲ್ಲ. ಕೂಲಿ ಕೊಡಿ, ಪೂರ್ತಿ ಕೊಡಿ. ರೆಕಾರ್ಡ್ ಮಾಡಿಸಿ ಕೊಡುವುದು ಮಾರಾಟ ಅನ್ನುತ್ತೀರಾ ಕಂಪನಿಯವರೇ? ಸರಿ, ಮಾರಾಟದ ದುಡ್ಡೇ ತಗೊಳ್ಳಿ. ಆದರೆ ಮಾರಿದ ಮೇಲೆ ಅದು ಕೊಂಡವನದು. ಮಾರಾಟದ ಬೆಲೆ, ಬಾಡಿಗೆಯ ಹಕ್ಕು. ಇದೆಂಥ ನ್ಯಾಯ?

ತಿಂಗಳ ಚಂದಾ ಕೊಟ್ಟು ಕೇಳುವುದು ತಪ್ಪಲ್ಲ. ಬಾಡಿಗೆ ಮನೆಯಲ್ಲಿ ಇರುವುದು ಅವಮಾನವೂ ಅಲ್ಲ. ಆದರೆ ಬಾಡಿಗೆ ಮನೆಯನ್ನು ಸ್ವಂತ ಮನೆ ಅಂತ ನಂಬಿ ಗೋಡೆಯೊಳಗೆ ಚಿನ್ನ ಹೂಳಿಟ್ಟರೆ ಅದು ಮೂರ್ಖತನ.

ಕೊಳ್ಳುವ ಮುಂಚೆ ಕೇಳಿ

ರೇಡಿಯೋ ಆಗಲಿ, ಫೋನಾಗಲಿ, ನಾಳೆ ಬರುವ ಯಾವ ಪೆಟ್ಟಿಗೆಯೇ ಆಗಲಿ, ಹಾಡು ಹಿಡಿದಿಡುತ್ತದೆ ಅಂದರೆ ಅಂಗಡಿಯವನ ಮುಂದೆ ನಾಲ್ಕು ಪ್ರಶ್ನೆ ಇಡಿ.

ಒಂದು: ಹಿಡಿದಿಟ್ಟ ಹಾಡನ್ನು ಹೊರಗೆ ತೆಗೆದು ಬೇರೆ ಪೆಟ್ಟಿಗೆಯಲ್ಲಿ ಕೇಳಬಹುದಾ?

ಎರಡು: ಚಂದಾ ನಿಂತ ಮರುದಿನ ಅದು ಹಾಡುತ್ತದಾ?

ಮೂರು: ಕಂಪನಿ ಮುಳುಗಿದರೆ ಈ ಪೆಟ್ಟಿಗೆ ಯಾವುದಕ್ಕಾದರೂ ಉಪಯೋಗಕ್ಕೆ ಬರುತ್ತದಾ?

ನಾಲ್ಕು: ಕನ್ನಡದ ಹೆಸರು ಕನ್ನಡ ಅಕ್ಷರದಲ್ಲೇ ಕಾಣುತ್ತದಾ, ಚೌಕದ ಸಾಲು ತೋರಿಸುತ್ತದಾ?

ಉತ್ತರ ತಡವರಿಸಿದರೆ ಎದ್ದು ಬನ್ನಿ. ಗಂಟೆಯ ಲೆಕ್ಕ, ಪರದೆಯ ಬಣ್ಣ ಆಮೇಲೆ ನೋಡೋಣ.

ಇನ್ನೂ ಒಂದು ಕೆಲಸವಿದೆ. ನಿಮಗೆ ಪ್ರಾಣವಾದ ಹತ್ತು ಕನ್ನಡ ಹಾಡು ಆರಿಸಿ. ಬೀಗವಿಲ್ಲದ ರೂಪದಲ್ಲಿ, ಸಿಡಿಯೋ ಫೈಲೋ, ದುಡ್ಡು ಕೊಟ್ಟೇ ಕೊಳ್ಳಿ. ಎರಡು ಕಡೆ ಇಡಿ. ನಿಮ್ಮ ಓಣಿಯ ಹಾಡುಗಾರರಿಗೆ, ರಂಗತಂಡದವರಿಗೆ ಹೇಳಿ: "ಬೀಗ ಹಾಕದೆ ಮಾರಿ, ನಾವು ಕೊಳ್ಳುತ್ತೇವೆ" ಅಂತ. ಅಜ್ಜಿ ಸೋಬಾನೆ ಹೇಳುತ್ತಿದ್ದರೆ ಅದನ್ನು ಇವತ್ತೇ ರೆಕಾರ್ಡ್ ಮಾಡಿ. ಅದಕ್ಕೆ ಯಾವ ಕಂಪನಿಯ ಚಂದಾನೂ ಬೇಡ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾವು ಹಾಗಾಗುವುದು ಬೇಡ. ಅಕ್ಕನ ಮಗನ ಇನ್ನೂರು ಹಾಡು ಹೋಯಿತು, ಸಾಕು. ಕನ್ನಡದ ಹಾಡು ಕನ್ನಡಿಗನ ಮನೆಯಲ್ಲಿರಲಿ. ಬೀಗದ ಕೈ ಕನ್ನಡಿಗನ ಸೊಂಟದಲ್ಲಿರಲಿ!